ಎರಡು ಪ್ರಶ್ನೆ ಹಿಡಿದು ಆರು ಕಡೆ ಹುಡುಕಿದೆ: ಮಂಗನ ಕಾಯಿಲೆ ಮತ್ತು ಅಡಿಕೆ ಕೊಳೆ

ಜನವರಿಯ ಒಂದು ಮಧ್ಯಾಹ್ನ ಪಾಠ ಮುಗಿಸಿ ಹೊರಟಿದ್ದೆ. ಅರಲಗೋಡು ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಬಾಗಿಲ ಹತ್ತಿರ ನಿಲ್ಲಿಸಿದಳು. “ಮೇಡಂ, ಮಂಗನ ಕಾಯಿಲೆಗೆ ಮೊದಲು ಇಂಜೆಕ್ಷನ್ ಕೊಡ್ತಿದ್ರಲ್ಲ, ಅದು ನಿಜವಾಗ್ಲೂ ಕೆಲಸ ಮಾಡ್ತಿತ್ತಾ? ನಮ್ಮಮ್ಮ ಎರಡು ಸಲ ಹಾಕಿಸ್ಕೊಂಡಿದ್ರು.”

ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವಳು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು, ಆಮೇಲೆ ಜನರಿಗೂ ಜ್ವರ ಬಂದದ್ದು, ಉಣುಗಿನಿಂದ ಹರಡುವ ವೈರಸ್ಸು ಅಂತ ಗೊತ್ತಾದದ್ದು, ಇಷ್ಟನ್ನು ಪ್ರತಿ ವರ್ಷ ಹೇಳುತ್ತೇನೆ. ಲಸಿಕೆ ನೂರರಲ್ಲಿ ಎಷ್ಟು ಜನರನ್ನು ಕಾಪಾಡಿತು ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡಿ ಹೇಳ್ತೀನಿ ಅಂದೆ.

ಅದೇ ವಾರ ತೀರ್ಥಹಳ್ಳಿ ಹತ್ತಿರದ ತವರಿನಿಂದ ಅಣ್ಣನ ಫೋನು. ಹೋದ ಮಳೆಗಾಲದಲ್ಲಿ ಮೂರು ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಸಿದ್ದರೂ ಅಡಿಕೆ ತೋಟಕ್ಕೆ ಕೊಳೆ, ಅಂದರೆ ಕಾಯಿ ಕೊಳೆತು ಉದುರುವ ರೋಗ, ಬಂದಿತ್ತು. “ಬೋರ್ಡೋ ಬಿಟ್ಟು ಬೇರೆ ಔಷಧಿನ ಅಡಿಕೆ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದಾರಾ, ನೋಡಿ ಹೇಳೆ. ಅಂಗಡಿಯವರು ಹೇಳೋದು ಬೇಡ, ಪುಸ್ತಕದಲ್ಲಿ ಇರೋದು ಬೇಕು” ಅಂದ.

ಎರಡೂ ಒಳ್ಳೆಯ ಪ್ರಶ್ನೆಗಳು. ಒಂದು ಆಸ್ಪತ್ರೆ ಕಡೆಯದು, ಒಂದು ತೋಟದ್ದು. ಹಾಗಾಗಿ ಸಂಶೋಧನಾ ಲೇಖನ ಹುಡುಕುವ ಬೇರೆ ಬೇರೆ ತಾಣಗಳಲ್ಲಿ ಇವೆರಡನ್ನೇ ಇಟ್ಟು ನೋಡೋಣ ಅನ್ನಿಸಿತು. ಎಲ್ಲವನ್ನೂ ಮನೆಯ ಇಂಟರ್ನೆಟ್‌ನಲ್ಲೇ ನೋಡಿದೆ, ಕಾಲೇಜಿನ ಲಾಗಿನ್ ಬಳಸಲಿಲ್ಲ. ಹಣ ಕೊಡದೆ ಸಿಗುವುದನ್ನಷ್ಟೇ ನೋಡಿದೆ. ನಮ್ಮ ಮಕ್ಕಳು ಹುಡುಕುವುದು ಹಾಗೇ ತಾನೆ? ಮುಖ್ಯವಾದ ಲೇಖನ ಬೇಗ ಕಣ್ಣಿಗೆ ಬೀಳುತ್ತದಾ, ಪೂರ್ತಿ ಓದಲು ಸಿಗುತ್ತದಾ, ಅದಾದ ಮೇಲೆ ಬೇರೆಯವರು ಏನು ಹೇಳಿದರು ಅಂತ ತೋರಿಸುತ್ತದಾ. ನಾನು ನೋಡಿದ್ದು ಈ ಮೂರನ್ನು.

ಮೊದಲು ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ತಾಣ. 1996ರಿಂದ ಇದೆ, 3.7 ಕೋಟಿಗೂ ಹೆಚ್ಚು ಲೇಖನಗಳ ವಿವರ ಇದೆ. ಖಾತೆ ಬೇಡ, ದುಡ್ಡು ಬೇಡ.

ಮಂಗನ ಕಾಯಿಲೆಯ ಇಂಗ್ಲಿಷ್ ಹೆಸರು ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’, ಚಿಕ್ಕದಾಗಿ ಕೆಎಫ್‌ಡಿ. ಇಲ್ಲಿ ಮೊದಲ ಸಲ ಅವಸರದಲ್ಲಿ ‘ಕೆಎಫ್‌ಡಿ ವ್ಯಾಕ್ಸಿನ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಬಂದವುಗಳಲ್ಲಿ ಕೋವಿಡ್ ಲಸಿಕೆಯ ನಂತರ ಕುತ್ತಿಗೆಯ ಗ್ರಂಥಿ ಊದಿಕೊಂಡವರ ವರದಿಗಳಿದ್ದವು. ಇದೇನು ಅಂತ ತೆಗೆದು ನೋಡಿದರೆ ‘ಕಿಕುಚಿ ಫುಜಿಮೊಟೊ ಡಿಸೀಸ್’ ಅಂತ ಇನ್ನೊಂದು ಕಾಯಿಲೆ. ಅದನ್ನೂ ಕೆಎಫ್‌ಡಿ ಅಂತಲೇ ಬರೆಯುತ್ತಾರೆ! ನಮ್ಮ ಜಿಲ್ಲೆಯಲ್ಲಿ ಕೆಎಫ್‌ಡಿ ಅಂದರೆ ಆಶಾ ಕಾರ್ಯಕರ್ತೆಯಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ಒಂದೇ ಅರ್ಥ. ಹೊರಗೆ ಹಾಗಿಲ್ಲ.

ಪೂರ್ತಿ ಹೆಸರು ಹಾಕಿದ ಕೂಡಲೇ ಎಲ್ಲ ಸರಿಹೋಯಿತು. ಪಬ್‌ಮೆಡ್‌ನ ಒಳ್ಳೆಯ ಗುಣ ಏನೆಂದರೆ, ಅಲ್ಲಿನ ಹೆಚ್ಚಿನ ಲೇಖನಗಳಿಗೆ ವಿಷಯದ ಚೀಟಿ ಅಂಟಿಸಿರುತ್ತಾರೆ. ಅದಕ್ಕೆ ಮೆಶ್ ಅಂತ ಹೆಸರು. ಕ್ಯಾಸನೂರು ಕಾಡಿನ ಕಾಯಿಲೆಗೆ ತನ್ನದೇ ಆದ ಚೀಟಿ ಇದೆ. ನಾವು ಹಾಕಿದ ಪದವನ್ನು ಅದು ಆ ಚೀಟಿಗೆ ಹೊಂದಿಸಿ ಹುಡುಕುತ್ತದೆ. ಹೇಗೆ ಹೊಂದಿಸಿತು ಅಂತ ‘ಅಡ್ವಾನ್ಸ್‌ಡ್’ ಪುಟಕ್ಕೆ ಹೋದರೆ ನೋಡಲೂಬಹುದು. ಈ ಪಾರದರ್ಶಕತೆ ನನಗೆ ಬಹಳ ಇಷ್ಟ. ಏನು ಹುಡುಕಿತು, ಏನು ಬಿಟ್ಟಿತು ಅಂತ ನಮಗೆ ಗೊತ್ತಿರುತ್ತದೆ. ನಾಳೆ ಇನ್ನೊಬ್ಬರು ಅದೇ ಹುಡುಕಾಟವನ್ನು ಹಾಗೇ ಮಾಡಿ ನೋಡಬಹುದು. ಈ ಕಾಯಿಲೆಯ ಬಗ್ಗೆ ಇರುವುದು ಕೆಲವು ನೂರು ಲೇಖನ ಅಷ್ಟೇ. ಲಸಿಕೆ ಅಂತ ಸೇರಿಸಿದರೆ ಒಂದು ಸಂಜೆಯಲ್ಲಿ ಶೀರ್ಷಿಕೆಗಳನ್ನೆಲ್ಲ ನೋಡಿ ಮುಗಿಸಬಹುದು.

ಅಲ್ಲಿ ನನಗೆ ಎರಡು ಮುಖ್ಯ ಲೇಖನ ಸಿಕ್ಕವು. ಒಂದು 1994ರದ್ದು, ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂದದ್ದು. ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಲಸಿಕೆ ಹಾಕಿ ನೋಡಿದ ಪರೀಕ್ಷೆ. ಒಂದು ಡೋಸ್‌ಗೆ ಶೇ. 79.3, ಎರಡು ಡೋಸ್‌ಗೆ ಶೇ. 93.5 ರಕ್ಷಣೆ ಅಂತ ಅದರ ಲೆಕ್ಕ. ಇನ್ನೊಂದು 2013ರದ್ದು, ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್ ಪತ್ರಿಕೆಯಲ್ಲಿ ಬಂದದ್ದು. 2005ರಿಂದ 2010ರವರೆಗೆ ನಮ್ಮ ಹಳ್ಳಿಗಳಲ್ಲಿ ನಿಜವಾಗಿ ಲಸಿಕೆ ಹಾಕಿದ್ದರ ಲೆಕ್ಕ ಅದರಲ್ಲಿದೆ. ಎರಡು ಡೋಸ್‌ಗೆ ಶೇ. 62.4. ಬೂಸ್ಟರ್ ಕೂಡ ಹಾಕಿಸಿಕೊಂಡವರಲ್ಲಿ ಶೇ. 82.9. ಒಂದೇ ಡೋಸ್ ಹಾಕಿಸಿಕೊಂಡವರಿಗೆ ರಕ್ಷಣೆ ಕಾಣಲಿಲ್ಲ.

93.5 ಎಲ್ಲಿ, 62.4 ಎಲ್ಲಿ! ಒಂದೇ ಕಾಯಿಲೆ, ಒಂದೇ ಸೀಮೆ. ಮುಂದೆ ಬೇರೆ ತಾಣಗಳನ್ನು ನೋಡುವಾಗ ಈ ಎರಡು ಅಂಕಿಯನ್ನೇ ತಕ್ಕಡಿ ಮಾಡಿಕೊಂಡೆ. ಯಾವುದು ಎರಡನ್ನೂ ಮುಂದಿಡುತ್ತದೋ ಅದು ಒಳ್ಳೆಯದು.

ಇಲ್ಲೇ ಇನ್ನೊಂದು ವಿಷಯ ಹೇಳಬೇಕು. ನಮ್ಮೂರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಇಂಗ್ಲಿಷಿನಲ್ಲೂ ಶಿವಮೊಗ್ಗ. ಅದಕ್ಕೂ ಮೊದಲಿನ ಲೇಖನಗಳಲ್ಲಿ ‘ಶಿಮೊಗ’. 2013-14ರಲ್ಲಿ ಜಿಲ್ಲೆಯಲ್ಲಿ ಕಾಯಿಲೆ ಹರಡಿದ್ದು ಮತ್ತು ಲಸಿಕೆ ಹಾಕಿದ ಕ್ರಮದ ಬಗ್ಗೆ ಒಂದು ಒಳ್ಳೆಯ ಲೇಖನ ಇದೆ. ಅದು ಅಚ್ಚಾದದ್ದು 2015ರಲ್ಲಿ, ಆದರೆ ಶೀರ್ಷಿಕೆಯಲ್ಲಿ ಹಳೆಯ ಹೆಸರೇ ಇದೆ. ಹೊಸ ಹೆಸರು ಮಾತ್ರ ಹಾಕಿ ಹುಡುಕುವ ವಿದ್ಯಾರ್ಥಿಗೆ ಅದು ತಪ್ಪಿಹೋಗಬಹುದು. ಹಾಗಾಗಿ ಎರಡೂ ಹೆಸರು ಬರೆದು ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಆರ್’ (OR) ಹಾಕಬೇಕು. ಇದು ಸಣ್ಣ ವಿಷಯ ಅಲ್ಲ. ನಮ್ಮ ಜಿಲ್ಲೆಯ ಬಗ್ಗೆ ಐವತ್ತು ಅರವತ್ತು ವರ್ಷ ನಡೆದ ಕೆಲಸ ಹಳೆಯ ಹೆಸರಿನ ಅಡಿಯಲ್ಲೇ ಇದೆ.

ಅಣ್ಣನ ಪ್ರಶ್ನೆಗೆ ಪಬ್‌ಮೆಡ್ ಸರಿಯಾದ ಜಾಗ ಅಲ್ಲ. ಅಡಿಕೆ ಅಂತ ಹಾಕಿದರೆ ಬಾಯಿಯ ಕ್ಯಾನ್ಸರ್, ಎಲೆಅಡಿಕೆ ಜಗಿಯುವವರ ಹಲ್ಲು, ವಸಡು, ಇವೇ ಪುಟಗಟ್ಟಲೆ. ಅದು ವೈದ್ಯಕೀಯದ ಮನೆ, ಅಲ್ಲಿ ಅಡಿಕೆ ಅಂದರೆ ಬಾಯಿಗೆ ಹೋಗುವ ಅಡಿಕೆ. ಮರದ ಮೇಲಿರುವ ಅಡಿಕೆಗೆ ಬೇರೆ ಮನೆ ಹುಡುಕಬೇಕು.

ಗೂಗಲ್ ಸ್ಕಾಲರ್‌ಗೆ ಬಂದೆ. 2004ರಿಂದ ಇದೆ, ಎಲ್ಲರಿಗೂ ಪರಿಚಯ. ಇದರ ಬಲ ಇದರ ಅಗಲ. ವೈದ್ಯಕೀಯ, ಕೃಷಿ, ಇತಿಹಾಸ, ಪ್ರಬಂಧ, ಪುಸ್ತಕ, ಸಮ್ಮೇಳನದ ಲೇಖನ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಲೇಖನದ ಒಳಗಿನ ಪದಗಳನ್ನೂ ಹುಡುಕುತ್ತದೆ. ಪಬ್‌ಮೆಡ್ ನೋಡುವುದು ಶೀರ್ಷಿಕೆ, ಸಾರಾಂಶ, ಚೀಟಿಗಳನ್ನು ಮಾತ್ರ. ಅರಲಗೋಡು ಅಂತ ಊರಿನ ಹೆಸರು ಲೇಖನದ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಬಂದಿದ್ದರೂ ಸ್ಕಾಲರ್‌ನಲ್ಲಿ ಸಿಗುವ ಅವಕಾಶ ಜಾಸ್ತಿ.

ಅಡಿಕೆ ವಿಷಯದಲ್ಲಿ ಇಲ್ಲಿ ಒಂದು ಸೂಕ್ಷ್ಮ ಗೊತ್ತಾಯಿತು. ಇಂಗ್ಲಿಷಿನಲ್ಲಿ ‘ಅರೆಕಾ ನಟ್’ ಅಂತ ಬಿಡಿಸಿ ಬರೆದರೆ ಮತ್ತೆ ಕ್ಯಾನ್ಸರ್ ಲೇಖನಗಳೇ ಮುಂದೆ ಬರುತ್ತವೆ. ‘ಅರೆಕಾನಟ್’ ಅಂತ ಸೇರಿಸಿ ಬರೆದರೆ ತೋಟದ ಲೇಖನಗಳು ಮೇಲೆ ಬರುತ್ತವೆ, ಯಾಕೆಂದರೆ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು, ನಮ್ಮ ಕೃಷಿ ವಿಶ್ವವಿದ್ಯಾಲಯದವರು ಬರೆಯುವ ರೀತಿ ಅದು. ನಡುವೆ ಒಂದು ಜಾಗ ಬಿಟ್ಟರೆ ಡಾಕ್ಟರ ಕೋಣೆ, ಬಿಡದಿದ್ದರೆ ತೋಟ.

ಇನ್ನೂ ಸೊಗಸಾದದ್ದು ಕೊಳೆರೋಗದ ಹೆಸರು. ‘ಕೊಳೆರೋಗ’ ಅನ್ನುವ ನಮ್ಮ ಪದವೇ ಇಂಗ್ಲಿಷ್ ಅಕ್ಷರದಲ್ಲಿ ವಿಜ್ಞಾನದ ಪದವಾಗಿದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಬಗ್ಗೆ ಬರೆದಾಗ ಕೊಳೆರೋಗ ಅಂತಲೇ ಕರೆದರು. ಆದರೆ ಈ ಒಂದು ಪದ ಹಾಕಿದರೆ ಕಾಫಿಯ ಕೊಳೆಯೂ ಬರುತ್ತದೆ. ಕಾಫಿ ಎಲೆ ಕೊಳೆಸುವ ಶಿಲೀಂಧ್ರದ ಹೆಸರೇ ‘ಕೊಳೆರೋಗ ನಾಕ್ಸಿಯಾ’! ಚಿಕ್ಕಮಗಳೂರು ಕಡೆಯವರಿಗೆ ಅದು ಬೇಕು, ನನಗೆ ಬೇಡ. ಹಾಗಾಗಿ ಕಾಫಿ ಪದದ ಮೊದಲಿಗೆ ಕಳೆಯುವ ಗುರುತು (-) ಹಾಕಿದೆ. ಕೆಲವರು ‘ಮಹಾಳಿ’ ಅಂತ ಬರೆಯುತ್ತಾರೆ, ಕೆಲವರು ‘ಫ್ರೂಟ್ ರಾಟ್’. ರೋಗ ತರುವ ಫೈಟಾಫ್ತೊರದ ಹೆಸರು ಹಳೆಯ ಲೇಖನಗಳಲ್ಲಿ ‘ಅರೆಕೆ’, ಈಚಿನವುಗಳಲ್ಲಿ ‘ಮೀಡಿಯೈ’. ಎಲ್ಲ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಒಂದೊಂದಾಗಿ ಹಾಕಿದೆ. ಪ್ರತಿ ಹೆಸರಿಗೂ ಹೊಸದಾಗಿ ಏನಾದರೂ ಸಿಕ್ಕಿತು. ಬೋರ್ಡೋ ಜೊತೆಗೆ ಪೊಟ್ಯಾಸಿಯಂ ಫಾಸ್ಫೊನೇಟ್, ಮ್ಯಾಂಡಿಪ್ರೊಪಮಿಡ್ ಅನ್ನುವ ಔಷಧಿಗಳನ್ನು ಇಟ್ಟು ನೋಡಿದ ಪ್ರಯೋಗಗಳ ಜಾಡು ಹತ್ತಿದ್ದು ಹೀಗೆ.

ಸ್ಕಾಲರ್‌ನಲ್ಲಿ ನಾನು ಅತಿ ಹೆಚ್ಚು ಬಳಸುವುದು ಲೇಖನದ ಕೆಳಗಿನ ‘ಸೈಟೆಡ್ ಬೈ’. ಅದನ್ನು ಒತ್ತಿದರೆ ಆ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಅಂತ ಬರುತ್ತದೆ. ಅಲ್ಲೇ ಮೇಲೆ ಒಂದು ಸಣ್ಣ ಚೌಕ ಇದೆ, ಉಲ್ಲೇಖಿಸಿದವರ ಒಳಗೆ ಮಾತ್ರ ಹುಡುಕು ಅಂತ. ಬಹಳ ಜನ ಅದನ್ನು ಗಮನಿಸುವುದಿಲ್ಲ. 1994ರ ಲೇಖನದಿಂದ ಹೊರಟು, ಆ ಚೌಕಕ್ಕೆ ಟಿಕ್ ಹಾಕಿ, ‘ಎಫೆಕ್ಟಿವ್‌ನೆಸ್’ ಅಂತ ಹುಡುಕಿದರೆ 2013ರ ಲೇಖನಕ್ಕೆ ದಾರಿ ತಾನಾಗಿ ಸಿಗುತ್ತದೆ. ಹಳೆಯ ಅಂಕಿಯಿಂದ ಹೊಸ ಅಂಕಿಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಸ್ಕಾಲರ್‌ನ ಮಿತಿಗಳನ್ನೂ ತಿಳಿದಿರಬೇಕು. ಯಾವ ಪತ್ರಿಕೆಗಳನ್ನು ಸೇರಿಸಿದೆ ಅನ್ನುವ ಪಟ್ಟಿ ಕೊಡುವುದಿಲ್ಲ. ಎಷ್ಟೇ ಸಾವಿರ ಸಿಕ್ಕಿವೆ ಅಂದರೂ ಮೊದಲ 1000 ಮಾತ್ರ ನೋಡಬಹುದು. ಹೆಚ್ಚು ಉಲ್ಲೇಖ ಪಡೆದ ಹಳೆಯ ಲೇಖನಗಳನ್ನು ಮೇಲೆ ತರುವ ಒಲವು ಇದೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಒಳ್ಳೆಯ ಪತ್ರಿಕೆಗಳ ಪಕ್ಕದಲ್ಲೇ ಕೂತಿರುತ್ತವೆ. ಯಾವುದು ಕಾಳು ಯಾವುದು ಜೊಳ್ಳು ಅಂತ ಕೇರುವ ಕೆಲಸ ಓದುವವರದ್ದೇ.

ಸೆಮ್ಯಾಂಟಿಕ್ ಸ್ಕಾಲರ್ 2015ರಲ್ಲಿ ಶುರುವಾದದ್ದು. ಅಮೆರಿಕದ ಸಿಯಾಟಲ್‌ನ ಅಲೆನ್ ಎಐ ಸಂಸ್ಥೆಯದ್ದು, ಲಾಭಕ್ಕೆ ನಡೆಸುವುದಲ್ಲ. 20 ಕೋಟಿಗೂ ಹೆಚ್ಚು ಲೇಖನಗಳಿವೆ. ಇದರಲ್ಲಿ ನನಗೆ ಮೆಚ್ಚಾದದ್ದು ಎರಡು. ಅನೇಕ ಲೇಖನಗಳಿಗೆ ಯಂತ್ರವೇ ಬರೆದ ಒಂದು ಸಾಲಿನ ಸಾರ ಇರುತ್ತದೆ. ಮೂವತ್ತು ಶೀರ್ಷಿಕೆಗಳಲ್ಲಿ ಯಾವ ಐದನ್ನು ಓದಬೇಕು ಅಂತ ಆರಿಸುವಾಗ ಬಹಳ ಅನುಕೂಲ. ಎರಡನೆಯದು, ಒಂದು ಲೇಖನವನ್ನು ಇನ್ನೊಬ್ಬರು ಉಲ್ಲೇಖಿಸಿದಾಗ ಯಾವ ಸಾಲಿನಲ್ಲಿ ಉಲ್ಲೇಖಿಸಿದರು ಅಂತ ಎಷ್ಟೋ ಕಡೆ ಕಣ್ಣೆದುರೇ ತೋರಿಸುತ್ತದೆ. ಸುಮ್ನೆ ಪೀಠಿಕೆಯಲ್ಲಿ ಹೆಸರು ಹೇಳಿದರಾ, ಅದರ ವಿಧಾನ ಬಳಸಿದರಾ, ಫಲಿತಾಂಶವನ್ನೇ ಹೋಲಿಸಿದರಾ ಅಂತ ವಿಂಗಡಿಸಿ ಕೊಡುತ್ತದೆ. ಲಸಿಕೆಯ ಪ್ರಶ್ನೆಗೆ ಇದು ಚೆನ್ನಾಗಿ ನಡೆಯಿತು. ಕೊಳೆರೋಗಕ್ಕೆ ನಾನು ಮತ್ತೆ ಸ್ಕಾಲರ್‌ಗೇ ವಾಪಸ್ ಹೋದೆ. ನಮ್ಮ ಹಳೆಯ ಕೃಷಿ ಪತ್ರಿಕೆಗಳ ವಿಷಯಕ್ಕೆ ಅದರ ಅಗಲ ಬೇಕಾಯಿತು.

ಇನ್ನು ಎಐ ಸಾಧನಗಳು. ಎಲಿಸಿಟ್, ಕನ್ಸೆನ್ಸಸ್ ಥರದವು ಈಗ ವಿದ್ಯಾರ್ಥಿಗಳ ಬಾಯಲ್ಲಿವೆ. ಕೀವರ್ಡ್ ಬೇಡ, ಪ್ರಶ್ನೆಯನ್ನೇ ಕೇಳಬಹುದು. ಲೇಖನಗಳನ್ನು ಹುಡುಕಿ, ಓದಿ, ಉತ್ತರ ಕಟ್ಟಿ, ಮೂಲಕ್ಕೆ ಕೊಂಡಿ ಸಮೇತ ಕೊಡುತ್ತವೆ. ಅಧ್ಯಯನ ಎಲ್ಲಿ ನಡೆಯಿತು, ಎಷ್ಟು ಜನರ ಮೇಲೆ, ಏನು ಫಲಿತಾಂಶ ಅಂತ ಕೋಷ್ಟಕ ಹಾಕಿ ಕೊಡುವುದು ನಿಜಕ್ಕೂ ಸಮಯ ಉಳಿಸುತ್ತದೆ. ಯಾವ ಪದ ಹಾಕಬೇಕು ಅಂತಲೇ ಗೊತ್ತಿಲ್ಲದವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು. ಕ್ಯಾಸನೂರು ಅನ್ನುವ ಹೆಸರು ಗೊತ್ತಿಲ್ಲದೆ ‘ಮಂಕಿ ಫೀವರ್’ ಅಂತ ಮಾತ್ರ ಕೇಳಿದವರನ್ನು ಸರಿಯಾದ ಹೆಸರಿಗೆ ತಲುಪಿಸುತ್ತದೆ.

ಆದರೆ ನನ್ನ ತಕ್ಕಡಿಯಲ್ಲಿ ತೂಗಿದಾಗ ಒಂದು ಎಐ ಸಾಧನದಲ್ಲಿ ಹೀಗಾಯಿತು. ಲಸಿಕೆ ಪರಿಣಾಮಕಾರಿಯಾ ಅಂತ ಕೇಳಿದ್ದಕ್ಕೆ ‘ಹೌದು, ಎರಡು ಡೋಸ್‌ಗೆ ಶೇ. 93.5’ ಅಂತ ಖಚಿತವಾಗಿ ಹೇಳಿತು. ಕೊಂಡಿ ಕೊಟ್ಟಿತ್ತು, ಲೇಖನವೂ ನಿಜವಾದದ್ದೇ. ಅಂಕಿಯೂ ಸುಳ್ಳಲ್ಲ. 2013ರ ಲೇಖನದ ಸುದ್ದಿ ಮಾತ್ರ ಇರಲಿಲ್ಲ. ಅದೇ ಪ್ರಶ್ನೆಯನ್ನು ‘ಹಳ್ಳಿಗಳಲ್ಲಿ ನಿಜವಾಗಿ ಬಳಸಿದಾಗ ಎಷ್ಟು ಪರಿಣಾಮ’ ಅಂತ ಬದಲಿಸಿ ಕೇಳಿದ ಮೇಲೆ 62.4 ಹೊರಗೆ ಬಂತು. ಪ್ರಶ್ನೆಯ ಒಂದು ಪದ ಬದಲಾದರೆ ಉತ್ತರವೇ ಬದಲಾಗುತ್ತದೆ ಅಂತಾದರೆ, ಅದನ್ನು ಕೊನೆಯ ಮಾತು ಅಂತ ತೆಗೆದುಕೊಳ್ಳುವುದು ಹೇಗೆ? ಎರಡು ಸಲ ಲಸಿಕೆ ಹಾಕಿಸಿಕೊಂಡ ತಾಯಿಯ ಮಗಳಿಗೆ ನಾನು 93.5 ಅಂತ ಹೇಳಿ ಕಳಿಸಿದ್ದರೆ, ಕಾಡಿಗೆ ಸೊಪ್ಪು ತರಲು ಹೋಗುವಾಗ ಆ ಮನೆಯವರು ಅಷ್ಟು ಧೈರ್ಯವಾಗಿರುತ್ತಿದ್ದರು. ಸುಮ್ನೆ ಮಾತಾಡುವ ಚಾಟ್‌ಬಾಟ್‌ಗಳನ್ನು ನಾನು ಈ ಕೆಲಸಕ್ಕೆ ಮುಟ್ಟುವುದೇ ಇಲ್ಲ. ಅವು ಇಲ್ಲದ ಲೇಖನಕ್ಕೂ ಹೆಸರು, ವರ್ಷ ಕಟ್ಟಿ ಕೊಡುವುದುಂಟು.

ಅಣ್ಣನ ಪ್ರಶ್ನೆಗೆ ಮನಸ್ಸು ತುಂಬುವ ಉತ್ತರ ಸಿಕ್ಕಿದ್ದು ನಾನು ಕೊನೆಗೆ ನೋಡಿದ ಎರಡು ಭಾರತೀಯ ಭಂಡಾರಗಳಲ್ಲಿ. ಶೋಧಗಂಗಾ ಮತ್ತು ಕೃಷಿಕೋಶ.

ಶೋಧಗಂಗಾವನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಗ್ರಂಥಾಲಯ ಜಾಲದ ಕೇಂದ್ರ ನಡೆಸುತ್ತದೆ. ಪಿಎಚ್.ಡಿ. ಪ್ರಬಂಧಗಳ ಭಂಡಾರ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು ಅಂತ ಯುಜಿಸಿ 2009ರಲ್ಲಿ ನಿಯಮ ಮಾಡಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿವೆ. ಒಂದೊಂದು ಅಧ್ಯಾಯ ಒಂದೊಂದು ಪಿಡಿಎಫ್ ಆಗಿರುವುದರಿಂದ ನೆಟ್ ನಿಧಾನ ಇರುವ ಕಡೆ ಬೇಕಾದ ಅಧ್ಯಾಯ ಮಾತ್ರ ಇಳಿಸಿಕೊಳ್ಳಬಹುದು. ಕನ್ನಡದಲ್ಲೇ ಬರೆದ ಪ್ರಬಂಧಗಳೂ ಸಿಗುತ್ತವೆ, ಉಳಿದ ತಾಣಗಳಲ್ಲಿ ಇದು ಅಪರೂಪ.

ಕೃಷಿಕೋಶ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿವೆ, ಎಂ.ಎಸ್ಸಿ. ಹುಡುಗರು ಮಾಡಿದವು ಕೂಡ. ಈ ಎಂ.ಎಸ್ಸಿ. ಪ್ರಬಂಧಗಳನ್ನು ಹಗುರವಾಗಿ ನೋಡಬೇಡಿ. ಪತ್ರಿಕೆಯಲ್ಲಿ ನಾಲ್ಕು ಪುಟಕ್ಕೆ ಇಳಿಸಿದ ಕೆಲಸ ಇಲ್ಲಿ ನೂರು ಪುಟದಲ್ಲಿ ಬಿಡಿಸಿಟ್ಟಿರುತ್ತದೆ. ಯಾವ ತೋಟ, ಎಷ್ಟು ಮರ, ಆ ವರ್ಷ ಮಳೆ ಎಷ್ಟು, ಔಷಧಿ ಯಾವ ತಿಂಗಳು ಹೊಡೆದರು, ಎರಡನೇ ಸಲ ಎಷ್ಟು ದಿನ ಬಿಟ್ಟು, ಉದುರಿದ ಕಾಯಿ ಎಷ್ಟು. ಅಣ್ಣನಿಗೆ ಬೇಕಾಗಿದ್ದು ಇದೇ. ಶೇಕಡಾ ಲೆಕ್ಕ ಒಂದೇ ಕೊಟ್ಟರೆ ಅವನು ಕೇಳುವ ಮೊದಲ ಮಾತು, “ಅವರ ತೋಟದಲ್ಲಿ ಮಳೆ ಎಷ್ಟಿತ್ತು?” ನಮ್ಮ ಆಗುಂಬೆ ಸೆರಗಿನ ಮಳೆಗೂ ಬಯಲುಸೀಮೆಯ ಅಡಿಕೆ ತೋಟದ ಮಳೆಗೂ ಹೋಲಿಕೆ ಇದೆಯಾ? ಇಲ್ಲಿ ಹುಡುಕುವುದು ಸ್ವಲ್ಪ ತಾಳ್ಮೆಯ ಕೆಲಸ. ಶೀರ್ಷಿಕೆಯ ಪದ ಸರಿಯಾಗಿ ಹಾಕಬೇಕು, ಸೇರಿಸಿಯೂ ಬಿಡಿಸಿಯೂ ಹಾಕಿ ನೋಡಬೇಕು. ಒಂದು ಸಂಜೆ ಇದಕ್ಕೇ ಹೋಯಿತು. ಬೇಸರ ಆಗಲಿಲ್ಲ.

ಪೂರ್ತಿ ಲೇಖನ ಸಿಗುವ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2013ರ ಲಸಿಕೆ ಲೇಖನ ಮುಕ್ತವಾಗಿದೆ, ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಓದಬಹುದು. 1994ರದ್ದರ ಸಾರಾಂಶ ಮಾತ್ರ ನನಗೆ ಸಿಕ್ಕಿತು. ಬಾಗಿಲು ಹಾಕಿದ ಲೇಖನಗಳಿಗೆ ಸ್ಕಾಲರ್‌ನ ‘ಆಲ್ ವರ್ಷನ್ಸ್’ ಒತ್ತಿ ನೋಡಿ, ಇಲ್ಲವೆ ಬ್ರೌಸರಿಗೆ ಅನ್‌ಪೇವಾಲ್ ಸೇರಿಸಿಕೊಳ್ಳಿ. ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದರೆ ಪಕ್ಕದಲ್ಲಿ ಹಸಿರು ಬೀಗ ಕಾಣುತ್ತದೆ. ಸಂಶೋಧನಾ ಪತ್ರಿಕೆಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ ‘ಒಂದು ದೇಶ ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅವಕಾಶ. ನಿಮ್ಮ ಗ್ರಂಥಪಾಲಕರನ್ನು ಕೇಳಿ ಲಾಗಿನ್ ಮಾಡಿಸಿಕೊಳ್ಳಿ. ತೋಟದಲ್ಲಿ ಕೂತ ಅಣ್ಣನಂಥವರಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ, ತೆರೆಯಬೇಕು ಅಂತ ನನ್ನ ಆಸೆ.

ಈಗ ನಾನು ಹುಡುಕುವ ಕ್ರಮವೇ ಬೇರೆಯಾಗಿದೆ. ಆರೋಗ್ಯದ ಪ್ರಶ್ನೆಯಾದರೆ ಪಬ್‌ಮೆಡ್‌ನಿಂದ ಶುರು, ಅಲ್ಲಿ ಸಿಕ್ಕ ಮುಖ್ಯ ಲೇಖನ ಹಿಡಿದು ಸ್ಕಾಲರ್‌ನ ‘ಸೈಟೆಡ್ ಬೈ’ಗೆ. ತೋಟದ ಪ್ರಶ್ನೆಯಾದರೆ ಸ್ಕಾಲರ್‌ನಿಂದ ಕೃಷಿಕೋಶಕ್ಕೆ. ತುಂಬಾ ಲೇಖನ ಸಿಕ್ಕಿ ಆರಿಸಬೇಕಾದಾಗ ಸೆಮ್ಯಾಂಟಿಕ್ ಸ್ಕಾಲರ್. ಎಐ ಸಾಧನವನ್ನು ಹೊಸ ವಿಷಯದ ಪದಗಳನ್ನು ತಿಳಿಯಲು ಮಾತ್ರ. ಮತ್ತೆ, ಎಲ್ಲಕ್ಕೂ ಮೊದಲು ಹೆಸರುಗಳ ಚೀಟಿ. ಹಳೆಯ ಹೆಸರು, ಹೊಸ ಹೆಸರು, ಊರಿನ ಹೆಸರು, ಲ್ಯಾಟಿನ್ ಹೆಸರು.

ವಿದ್ಯಾರ್ಥಿನಿಗೆ ಎರಡೂ ಅಂಕಿ ತೋರಿಸಿದೆ. ಒಂದು ಪರೀಕ್ಷೆಯ ಕಾಲದ್ದು, ಒಂದು ವರ್ಷಗಟ್ಟಲೆ ಹಳ್ಳಿಗಳಲ್ಲಿ ಬಳಸಿದ ಮೇಲಿನದ್ದು ಅಂತ ಬಿಡಿಸಿ ಹೇಳಿದೆ. 2022ರಲ್ಲಿ ಆ ಲಸಿಕೆ ಕೊಡುವುದು ನಿಂತಿದೆ ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. “ಬೂಸ್ಟರ್ ಹಾಕಿಸ್ಕೊಂಡ್ರೆ ಜಾಸ್ತಿ ಅಂತ ಇದೆಯಲ್ಲ ಮೇಡಂ, ನಮ್ಮ ಕಡೆ ಎಷ್ಟು ಜನ ಹಾಕಿಸ್ಕೊಂಡಿದ್ರು?” ಆ ಲೇಖನದಲ್ಲಿ ಎಷ್ಟು ಜನರಿಗೆ ಲಸಿಕೆ ತಲುಪಿತು ಅನ್ನುವ ಲೆಕ್ಕವೂ ಇದೆ. ಮೌಸನ್ನು ಅವಳ ಕೈಗೆ ಕೊಟ್ಟೆ. ಅವಳೇ ಕೆಳಗೆ ಸರಿಸುತ್ತಾ ಕೋಷ್ಟಕ ಹುಡುಕತೊಡಗಿದಳು.